ಟವೆಲ್ ಕೆಳಗಿನ ಮಾತು

ಮುಖ್ಯ ಅತಿಥಿ ಕೂರುವ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹಾಕಬೇಕೋ ಬೇಡವೋ ಎಂಬುದು ಮನುಕುಲ ಇನ್ನೂ ಬಗೆಹರಿಸಿಕೊಳ್ಳದ ಮಹಾಪ್ರಶ್ನೆಗಳಲ್ಲಿ ಒಂದು. ಸಾಮ್ರಾಜ್ಯಗಳು ಬಂದವು, ಹೋದವು. ಟವೆಲ್ ಮಾತ್ರ ಕುರ್ಚಿ ಬಿಟ್ಟು ಇಳಿಯಲಿಲ್ಲ.

ಈ ಗಹನವಾದ ವಿಷಯ ಜೂನ್ ತಿಂಗಳ ಒಂದು ಸೋಮವಾರ ಮುಳಬಾಗಿಲಿನ ಪದವಿ ಕಾಲೇಜೊಂದರ ವಿದ್ಯಾರ್ಥಿ ಸಂಘದ ಮುಂದೆ ಬಂತು. ವಾರ್ಷಿಕೋತ್ಸವ ಹತ್ತಿರವಾಗುತ್ತಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ.

"ಟವೆಲ್ ಬೇಡ," ಎಂದಳು ಮೌನಿಕಾ.

ಬೈರಕೂರಿನ ಹುಡುಗಿ. ಕೊನೆಯ ವರ್ಷದ ಬಿ.ಎ. ಹಿಂದಿನ ವಾರವಷ್ಟೇ ತರಗತಿ ಪ್ರತಿನಿಧಿಗಳು ಕೈ ಎತ್ತಿ ಅವಳನ್ನು ಸಂಘದ ಅಧ್ಯಕ್ಷೆ ಮಾಡಿದ್ದರು. ಹೆಸರಿಗೂ ಅವಳ ಸ್ವಭಾವಕ್ಕೂ ದೂರದ ಸಂಬಂಧವೂ ಇರಲಿಲ್ಲ.

"ಕುರ್ಚಿ ಎಲ್ಲರಿಗೂ ಒಂದೇ. ಅತಿಥಿಗೆ ಮಾತ್ರ ಟವೆಲ್ ಯಾಕೆ? ಅದೊಂದು ಗುಲಾಮಗಿರಿ."

"ಅಲ್ಲಾ ರೀ... ಈ ಸೆಕೇಲಿ ಅತಿಥಿ ಬೆವತ್ರೆ ಯಾವುದ್ರಲ್ಲಿ ಒರೆಸ್ಕೋಬೇಕು? ಪ್ರೆಸಿಡೆಂಟ್ರ ವೇಲ್‌ನಲ್ಲಾ?"

ಸಭೆ ಗೊಳ್ಳೆಂದು ನಕ್ಕಿತು!

ಮಾತು ಬಂದದ್ದು ಬಾಗಿಲಿನಿಂದ. ಅಲ್ಲೊಬ್ಬ ನಿಂತಿದ್ದ. ಜೀನ್ಸ್ ಪ್ಯಾಂಟು, ಇಸ್ತ್ರಿ ಕಾಣದ ಅಂಗಿ, ಹೆಗಲ ಮೇಲೆ ಮಾವಿನ ಸೊನೆಯ ಕಲೆ ಬಿದ್ದ ಕೆಂಪು ಗೆರೆಯ ಟವೆಲ್. ತಡವಾಗಿ ಬಂದವನಿಗೆ ಇರಬೇಕಾದ ಅಳುಕು ಅವನ ಮುಖದ ಹತ್ತಿರವೂ ಸುಳಿದಿರಲಿಲ್ಲ.

ಮೌನಿಕಾಳ ಕಿವಿ ಬಿಸಿಯಾಯಿತು. ಕೋಪಕ್ಕೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

"ನೀವ್ಯಾರು?"

"ಸೆಕ್ರೆಟರಿ. ಆಂಜಿ, ಬಿ.ಕಾಂ. ಹೋದ ವಾರ ನಂಗೂ ಕೈ ಎತ್ತಿದ್ರಲ್ಲ, ನಾನು ಹಿಂದಿನ ಬೆಂಚಲ್ಲಿದ್ದೆ... ನಿಮ್ಮ ಕೈ ಒಂದೇ ಕೆಳಗಿತ್ತು."

'ಅಷ್ಟು ಜನರ ಮಧ್ಯೆ ನನ್ನ ಕೈ ನೋಡಿದ್ದಾನೆ!'

"ಗೊತ್ತಿಲ್ಲದವರಿಗೆ ನಾನು ಕೈ ಎತ್ತಲ್ಲ," ಎಂದಳು ಗಂಭೀರವಾಗಿ. "ಯಾವೂರು?"

"ಶ್ರೀನಿವಾಸಪುರ. ಮಾವಿನ ಮಂಡಿ ನಮ್ದು."

ಮಂಡಿ!

ಅರೆ ತೆರೆದಿದ್ದ ಬಾಗಿಲೊಂದು ಅವಳೊಳಗೆ ಪಟ್ಟನೆ ಮುಚ್ಚಿಕೊಂಡಿತು.

ಅದಕ್ಕೆ ಕಾರಣವಿತ್ತು. ಅವಳ ಅಪ್ಪ ಮುನಿರಾಮಪ್ಪ ಮಾವು ಬೆಳೆಯುವವರು. ಚಿಕ್ಕಂದಿನಲ್ಲಿ ಅವರ ಕೈ ಹಿಡಿದು ಮಂಡಿಗೆ ಹೋದಾಗಲೆಲ್ಲ ಅವಳು ನೋಡುತ್ತಿದ್ದುದು ಒಂದೇ ದೃಶ್ಯ. ದಲ್ಲಾಳಿ ಮತ್ತು ವ್ಯಾಪಾರಿ ಒಬ್ಬರ ಕೈ ಒಬ್ಬರು ಹಿಡಿಯುವರು, ಮೇಲೆ ಟವೆಲ್ ಹಾಕುವರು. ರೇಟೆಲ್ಲ ಬೆರಳಲ್ಲೇ. ಒಳಗೆ ಬೆಕ್ಕಿನ ಮರಿ ಇದ್ದ ಹಾಗೆ ಟವೆಲ್ ಅಲುಗಾಡುವುದು. ಹಣ್ಣು ಬೆಳೆದವನು ಮಾತ್ರ ಪಕ್ಕದಲ್ಲಿ ನಿಂತು, ಯಾರದೋ ಮದುವೆಗೆ ಬಂದವನಂತೆ ಕಾಯಬೇಕು.

"ಏನಾಯ್ತಣ್ಣಾ?" ಎಂದು ಅಪ್ಪ ಕೇಳುವರು.

"ಆಯ್ತು ಬಿಡು," ಎನ್ನುವನು ದಲ್ಲಾಳಿ.

ಆ 'ಆಯ್ತು ಬಿಡು' ಕೇಳಿ ಕೇಳಿಯೇ ಮೌನಿಕಾ ಬೆಳೆದಳು. ಮುಚ್ಚಿಟ್ಟದ್ದು ಯಾವುದೂ ಒಳ್ಳೆಯದಲ್ಲ, ಏನಿದ್ದರೂ ಬಯಲಲ್ಲಿ, ಜೋರಾಗಿ... ಇದು ಅವಳ ಧರ್ಮವಾಯಿತು. ಅಧ್ಯಕ್ಷೆಯಾದ ದಿನವೇ ಸಂಘಕ್ಕೂ ಅದನ್ನು ನಿಯಮ ಮಾಡಿದಳು. ಎಲ್ಲ ತೀರ್ಮಾನವೂ ಎಲ್ಲರ ಎದುರು, ಕೈ ಎತ್ತಿ.

ಈಗ ನೋಡಿದರೆ ಕಾರ್ಯದರ್ಶಿಯೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದಿದ್ದಾನೆ.

'ಇವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು,' ಎಂದುಕೊಂಡಳು. ಹಾಗೆ ನೋಡುವುದರಲ್ಲಿರುವ ಅಪಾಯ ಅವಳಿಗೆ ಆಗ ಹೊಳೆಯಲಿಲ್ಲ.

* * *

ಟವೆಲ್‌ಗಿಂತ ದೊಡ್ಡ ಚಿಂತೆ ಅವಳಿಗೆ ಇನ್ನೊಂದಿತ್ತು. ಅದರ ಹೆಸರು ರುಕ್ಸಾರ್.

ರುಕ್ಸಾರ್ ನಂಗಲಿಯವಳು, ಮೌನಿಕಾಳ ಜೀವದ ಗೆಳತಿ. ಅವಳ ಅಬ್ಬಾ ಗೌಸ್ ಮೊಹಿದ್ದೀನ್ ಹೆದ್ದಾರಿ ಪಕ್ಕ ಲಾರಿಗಳಿಗೆ ಪಂಕ್ಚರ್ ಹಾಕುವ ಅಂಗಡಿ ಇಟ್ಟಿದ್ದರು. ಶ್ರೀನಿವಾಸಪುರದಿಂದ ಮುಳಬಾಗಿಲ ಮೇಲೆ ನಂಗಲಿಗೆ ಹೋಗುವ ಖಾಸಗಿ ಬಸ್ಸೊಂದು ಐದು ಗಂಟೆಗೆ ಕಾಲೇಜು ಗೇಟಿಗೆ ಬರುತ್ತಿತ್ತು. ಜನ ಸಾಲದೆಂದು ಮಾಲೀಕ ಅಮರನಾಥ್ ಆ ಟ್ರಿಪ್ಪನ್ನು ನಿಲ್ಲಿಸಿಬಿಟ್ಟಿದ್ದ. ಮುಂದಿನ ಬಸ್ಸು ಸಿಗುವ ಹೊತ್ತಿಗೆ ಕತ್ತಲು.

"ಅಬ್ಬಾ ಏನಂದ್ರು ಗೊತ್ತಾ?" ಎಂದಿದ್ದಳು ರುಕ್ಸಾರ್, ನಗುವಂತೆ ಮಾಡಿ. "ಕತ್ತಲಲ್ಲಿ ಲಾರಿ ಸಾಲಿನ ಮಧ್ಯೆ ಇಳಿದು ಬರೋದು ಬೇಡ ಬೇಟಾ, ಈ ತಿಂಗಳು ನೋಡ್ತೀನಿ. ಇಲ್ಲಾಂದ್ರೆ ಓದಿದ್ದು ಸಾಕು ಅಂದ್ರು. ಅವರ ಮೇಲೆ ಕೋಪಾನೂ ಬರಲ್ಲ ಕಣೇ. ಹೆದರ್ಕೊಂಡಿದಾರೆ, ಅಷ್ಟೇ."

ಇನ್ನೊಂದೇ ವರ್ಷ. ಒಂದು ಬಸ್ಸಿಗಾಗಿ ಅದು ನಿಂತುಹೋಗುವುದೇ?

ಸಂಘದವರು ಅಮರನಾಥನ ಹತ್ತಿರ ಹೋಗಿ ಬಂದರು. ಅವನು ಕಾಫಿ ಕೊಟ್ಟು ಉಪಚರಿಸಿ, ಬಸ್ಸಿನ ಮಾತು ಬಿಟ್ಟು ಬೇರೆಲ್ಲ ಮಾತಾಡಿದ. ಎರಡು ದಿನದ ಮೇಲೆ ಯಾರ ಮೂಲಕವೋ ಹೇಳಿ ಕಳುಹಿಸಿದ... ವಾರ್ಷಿಕೋತ್ಸವಕ್ಕೆ ತನ್ನನ್ನು ಮುಖ್ಯ ಅತಿಥಿ ಮಾಡಿದರೆ ಬಸ್ಸಿನ ವಿಚಾರ ಯೋಚಿಸಬಹುದಂತೆ.

ಸಭೆ ಸೇರಿತು. ಸಂಘದ ಸಲಹೆಗಾರ್ತಿ ರಜನಿ ಮೇಡಂ ಮೂಲೆಯಲ್ಲಿ ಕುಳಿತಿದ್ದರು.

"ಕೊಟ್ಬಿಡೋಣ ಬಿಡ್ರೀ, ಒಂದು ಕುರ್ಚಿ ತಾನೇ?" ಎಂದರು ಕೆಲವರು.

"ಇವತ್ತು ಕುರ್ಚಿ ಕೊಟ್ಟು ಬಸ್ಸು ತಗೊಂಡ್ರೆ, ಮುಂದಿನ ವರ್ಷ ಕುರ್ಚಿನೂ ಅವರದೇ, ಬಸ್ಸೂ ಅವರ ಇಷ್ಟವೇ," ಎಂದಳು ಮೌನಿಕಾ. ಎದುರಿಗೇ ರುಕ್ಸಾರ್ ಕುಳಿತಿದ್ದಳು! "ನಮ್ಮೂರಲ್ಲಿ ಟೀಚರಾಗಿದ್ದು ನಿವೃತ್ತರಾದ ಶ್ಯಾಮಲಮ್ಮನವರನ್ನ ಕರೆಯೋಣ. ಬಸ್ಸಿಗೆ ಬೇರೆ ದಾರಿ ಹುಡುಕೋಣ. ಒಪ್ಪೋರು ಕೈ ಎತ್ತಿ."

ಮೊದಲು ಎದ್ದದ್ದು ಆಂಜಿಯ ಕೈ.

ಎರಡನೆಯದು ರುಕ್ಸಾರಳದು.

ಮೌನಿಕಾ ಕಿಟಕಿಯ ಕಡೆ ತಿರುಗಿಕೊಂಡಳು. ಅಧ್ಯಕ್ಷೆ ಅಳುವುದನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿ ಇಲ್ಲ.

* * *

ಮುಂದಿನ ದಿನಗಳಲ್ಲಿ ಕೆಲಸ ಇಬ್ಬರನ್ನೂ ಒಂದೇ ಕಡೆ ಕೂರಿಸಿತು. ವರಾಂಡದಲ್ಲಿ ಬಟ್ಟೆ ಹಾಸಿ ಬ್ಯಾನರ್ ಬರೆಯುವುದು, ಬಣ್ಣ ಬೀಳಿಸುವುದು, ಬೀಳಿಸಿದ್ದು ನೀವೇ ಎಂದು ಜಗಳವಾಡುವುದು.

ಅವನು ಮಾವಿನಹಣ್ಣು ತಂದರೆ ಅವಳು ಮುಟ್ಟುತ್ತಿರಲಿಲ್ಲ.

"ಲಂಚ ಅಲ್ರೀ, ಬಾದಾಮಿ," ಎನ್ನುತ್ತಿದ್ದ. ಆ ಹಣ್ಣನ್ನು ರುಕ್ಸಾರ್ ತಿನ್ನುತ್ತಿದ್ದಳು. ಅವಳಿಗೆ ಅಂಥ ತತ್ತ್ವಗಳೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಮೌನಿಕಾ ತಡೆಯಲಾರದೆ ಕೇಳಿಯೇಬಿಟ್ಟಳು. "ಆ ಟವೆಲ್ ಕೆಳಗೆ ಏನು ಮಾಡ್ತೀರಿ ನೀವೆಲ್ಲ?"

"ಕೈ ಕೊಡಿ, ತೋರಿಸ್ತೀನಿ."

"ಬೇಡ!"

ಅವನು ನಕ್ಕು, ತನ್ನ ಎಡಗೈಯನ್ನೇ ಬಲಗೈಯಲ್ಲಿ ಹಿಡಿದು ತೋರಿಸಿದ. "ಎಷ್ಟು ಬೆರಳು ಹಿಡೀತೀವೋ ಅಷ್ಟು. ಬೇಡ ಅಂದ್ರೆ ಬೆರಳು ಬಿಡಿಸ್ಕೋತೀವಿ. ಕೊನೇಲಿ ಅಂಗೈಗೆ ಅಂಗೈ ಒತ್ತಿದ್ರೆ ಒಪ್ಪಿಗೆ. ಆಮೇಲೆ ಸರಕು ಹೊರಡೋವರೆಗೂ ಒಳಗಿನ ಮಾತು ಹೊರಗೆ ಆಡೋ ಹಾಗಿಲ್ಲ. ಆಡಿದ್ರೆ ಮಂಡೀಲಿ ಅವನಿಗೆ ಮತ್ಯಾರೂ ಕೈ ಕೊಡಲ್ಲ."

"ಕಳ್ಳರ ಭಾಷೆ."

ಅವನ ನಗು ಒಂದು ಕ್ಷಣ ನಿಂತಿತು.

"ಹಂಗಂತೀರಾ..." ಎಂದು ಮತ್ತೆ ಕುಂಚ ಹಿಡಿದ. ಆ ದಿನ ಇನ್ನು ಜಗಳವಾಡಲಿಲ್ಲ. ಅವಳಿಗೆ ಏನೋ ಕಳೆದುಕೊಂಡಂತಾಯಿತು!

ಆಮೇಲೆಯೇ ಒಂದೊಂದಾಗಿ ಕಾಣಿಸತೊಡಗಿದ್ದು.

ಆಂಜಿ ದಿನವೂ ತಡವಾಗಿ ಬರುತ್ತಿದ್ದ. ಕಣ್ಣು ಕೆಂಪು. ಕಾಮರ್ಸ್ ತರಗತಿಯಲ್ಲಿ ತೂಕಡಿಸಿದನೆಂದು ಸುದ್ದಿ ಬಂತು. ಒಂದು ದಿನ ಅಮರನಾಥನ ಬೆಳಗಿನ ಬಸ್ಸಿನಿಂದಲೇ ಇಳಿದ. ಕಂಡಕ್ಟರ್ ಅವನನ್ನು ಟಿಕೆಟ್ ಕೇಳಲಿಲ್ಲ, ಬದಲಿಗೆ ಭುಜ ತಟ್ಟಿದ.

"ಟಿಕೆಟ್ ಇಲ್ವಾ ಸೆಕ್ರೆಟರಿಗೆ?" ಎಂದಳು ಮೌನಿಕಾ.

"ಗೊತ್ತಿರೋ ಬಸ್ಸು..."

"ಯಾವಾಗಿಂದ ಗೊತ್ತು?"

ಅವನು ಟವೆಲ್‌ನಿಂದ ಮುಖ ಒರೆಸಿಕೊಂಡ. ಮುಖ ಒರೆಸಿಕೊಳ್ಳಲು ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ.

'ಏನೋ ಮುಚ್ಚಿಡುತ್ತಿದ್ದಾನೆ. ಬೇಡ ದೇವರೇ, ನಾನು ಅಂದುಕೊಂಡದ್ದು ಆಗಿರುವುದು ಬೇಡ...'

ಭಾನುವಾರ ಅಪ್ಪನ ಜೊತೆ ಮಾವಿನ ಟೆಂಪೋದಲ್ಲಿ ಶ್ರೀನಿವಾಸಪುರಕ್ಕೆ ಹೋದಳು. ಅಪ್ಪ ಬೇರೊಂದು ಮಂಡಿಯಲ್ಲಿ ಹಣ್ಣು ಇಳಿಸುತ್ತಿದ್ದರು. ಅವಳು ರಸ್ತೆಯಾಚೆ ನೋಡಿದಳು.

ಕ್ರೇಟುಗಳ ನಡುವೆ ಆಂಜಿ ನಿಂತಿದ್ದ. ಎದುರಿಗೆ ಬಸ್ಸಿನ ಅಮರನಾಥ್. ಇಬ್ಬರ ಕೈ ಮೇಲೆ ಕೆಂಪು ಗೆರೆಯ ಟವೆಲ್.

ಟವೆಲ್ ಅಲುಗಾಡಿತು. ಅಮರನಾಥ್ ತಲೆಯಾಡಿಸಿದ. ಮತ್ತೆ ಅಲುಗಾಡಿತು. ಆಮೇಲೆ ಒಳಗೆ ಎರಡು ಅಂಗೈಗಳು ಒಂದಕ್ಕೊಂದು ಒತ್ತಿದ್ದು ಬಟ್ಟೆಯ ಮೇಲಿಂದಲೇ ಅವಳಿಗೆ ಕಾಣಿಸಿತು. ಆ ಭಾಷೆಯನ್ನು ಅವನೇ ಕಲಿಸಿದ್ದನಲ್ಲ!

ಬಸ್ಸಿನವನಿಗೂ ಮಾವಿಗೂ ಏನು ಸಂಬಂಧ? ಅವನಿಗೆ ಬೇಕಾಗಿದ್ದುದು ಒಂದೇ. ಕುರ್ಚಿ.

'ಮಾರಿಬಿಟ್ಟೆಯಾ ಆಂಜಿ? ನಮ್ಮೆಲ್ಲರ ಕೈಗಳನ್ನ... ಒಂದು ಟವೆಲ್ ಕೆಳಗೆ?'

ನೋವಾದ ಮೇಲೆಯೇ ಅವಳಿಗೆ ತಿಳಿದದ್ದು, ನೋವಾಗುವಷ್ಟು ಹತ್ತಿರ ಅವನು ಯಾವಾಗಲೋ ಬಂದುಬಿಟ್ಟಿದ್ದನೆಂದು.

* * *

ಸೋಮವಾರ ಸಭೆ. ಮೌನಿಕಾ ಕುಳಿತುಕೊಳ್ಳಲೂ ಇಲ್ಲ.

"ಸೆಕ್ರೆಟರಿ, ನಿನ್ನೆ ಅಮರನಾಥ್ ಜೊತೆ ಟವೆಲ್ ಕೆಳಗೆ ಏನು ವ್ಯಾಪಾರ ಮಾಡಿದ್ರಿ?"

ಆಂಜಿ ಎದ್ದು ನಿಂತ. ಮುಖ ಬಿಳಿಚಿತ್ತು.

"ಸಂಘದ ಮರ್ಯಾದೆ ಹೋಗೋ ಕೆಲಸ ಏನೂ ಮಾಡಿಲ್ಲ."

"ಹಾಗಾದ್ರೆ ಹೇಳಿ."

"...ಈಗ ಹೇಳೋಕಾಗಲ್ಲ."

"ಯಾಕೆ?"

"ಕೈ ಕೊಟ್ಟಿದ್ದೀನಿ."

"ನಮಗೂ ಕೊಟ್ಟಿದ್ರಿ!" ಅವಳು ಮೇಜು ತಟ್ಟಿದಳು. "ಎಲ್ಲರ ಎದುರಿಗೆ, ಕೈ ಮೇಲೆತ್ತಿ!"

ಅವನು ಅವಳನ್ನೇ ನೋಡಿದ.

"ಕಾರ್ಯದರ್ಶಿಯನ್ನ ತೆಗೆಯೋಕೆ ಒಪ್ಪೋರು ಕೈ ಎತ್ತಿ," ಎಂದಳು ಮೌನಿಕಾ. ತಾನೇ ಮೊದಲು ಎತ್ತಿದಳು. ಒಂದೊಂದಾಗಿ ಕೈಗಳು ಎದ್ದವು.

ಆಂಜಿಯೂ ಎತ್ತಿದ.

"ಅಧ್ಯಕ್ಷರಿಗೇ ನಂಬಿಕೆ ಇಲ್ಲದ ಸೆಕ್ರೆಟರಿ ಯಾಕೆ ಬೇಕು..." ಎಂದು ಸಂಘದ ಬೀರುವಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಗೆದ್ದಳು ಮೌನಿಕಾ. ಗೆದ್ದವರು ಮೇಜಿನ ಮೇಲಿನ ಕೀಲಿಯನ್ನೇ ನೋಡುತ್ತ ನಿಲ್ಲುತ್ತಾರೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಒಂದು ಕೈ ಮಾತ್ರ ಎದ್ದಿರಲಿಲ್ಲ.

"ನೀನು ಯಾಕೆ ಎತ್ತಲಿಲ್ಲ ರುಕ್ಸಾರ್?" ಹೊರಗೆ ಬಂದಮೇಲೆ ಕೇಳಿದಳು. "ಅವನು ಮಾರಿದ್ದು ನೀನೂ ಕೈ ಎತ್ತಿದ ತೀರ್ಮಾನಾನ."

"ಏನು ಮಾಡಿದಾನೆ ಅಂತ ನಂಗೆ ಗೊತ್ತಿಲ್ವಲ್ಲ ಕಣೇ. ಗೊತ್ತಿಲ್ಲದೇ ಇದ್ರೆ ಕೈ ಎತ್ತಬಾರದು... ಅದು ನಿನ್ನದೇ ಮಾತು ತಾನೇ?"

ಮೌನಿಕಾ ಬೀರುವಿನ ಕೀಲಿಯನ್ನು ಚೀಲದೊಳಗೆ ಹಾಕಿ ನಡೆದಳು.

* * *

ಗುರುವಾರ ಸಂಜೆ ಐದು ಗಂಟೆಗೆ ಗೇಟಿನ ಮುಂದೆ ಹಾರನ್ ಮೊಳಗಿತು.

"ನಂಗಲೀ... ನಂಗಲಿ ನಂಗಲಿ ನಂಗಲೀ!"

ಮರೆತೇಹೋಗಿದ್ದ ಕೂಗು! ರುಕ್ಸಾರ್ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಮೌನಿಕಾ ಹಿಂದೆಯೇ ಓಡಿ, ಬಸ್ಸಿನ ಮುಂದೆ ನಿಂತುಬಿಟ್ಟಳು. ಟಾಪಿನ ಮೇಲೆ ಹಗ್ಗ ಬಿಗಿದ ಮಾವಿನ ಬಾಕ್ಸುಗಳ ಸಾಲು. ಮುಂದಿನ ಸೀಟಿನಲ್ಲಿ ಸಾಕ್ಷಾತ್ ಅಮರನಾಥ್.

"ಏನ್ ತಾಯೀ, ಕುರ್ಚಿ ಕೊಡಲ್ಲ ಅಂದೋಳು ನೀನೇನಾ?"

"ಹೌದು. ಇನ್ನೂ ಕೊಡಲ್ಲ."

"ಅಬ್ಬಬ್ಬಾ! ಎಲ್ಲಿ ನಿಮ್ಮ ಸೆಕ್ರೆಟರಿ?"

"ತೆಗೆದುಹಾಕಿದ್ವಿ. ನಿಮಗೆ ಕುರ್ಚಿ ಮಾರಿದ್ದಕ್ಕೆ."

ಅಮರನಾಥ್ ಬಸ್ಸಿನಿಂದ ಇಳಿದೇಬಿಟ್ಟ. "ಅಯ್ಯೋ ರಾಮಾ! ಯಾರಮ್ಮಾ ಮಾರಿದ್ದು? ನಾನು ಕುರ್ಚಿ ಕೇಳಿದ್ದು ನಿಜ. ಕೇಳಿದಾಗೆಲ್ಲ ಆ ಹುಡುಗ ಬೆರಳು ಬಿಡಿಸ್ಕೊಂಡ. ಅದು ಸಂಘದ್ದು, ನಂದಲ್ಲ ಅಂದ. ಜನ ಸಾಲಲ್ಲ ಅಂತ ತಾನೇ ಟ್ರಿಪ್ ನಿಲ್ಸಿದ್ದು, ದಿನಾ ಸಂಜೆ ನಂಗಲಿ ಲಾರಿಗಳಿಗೆ ಹೋಗೋ ನಮ್ಮ ಮಂಡಿ ಬಾಕ್ಸ್ ಬಾಡಿಗೆ ಕೊಟ್ಟು ಹಾಕ್ತೀನಿ, ಬಸ್ಸು ಬಿಡಿ ಅಂದ. ಎಷ್ಟು ಬಾಕ್ಸು ಅನ್ನೋದೇ ಟವೆಲ್ ಕೆಳಗಿನ ವ್ಯಾಪಾರ!"

ಮೌನಿಕಾಳ ಕೈ ತಾನಾಗಿ ಬಸ್ಸಿನ ಸರಳನ್ನು ಹಿಡಿದುಕೊಂಡಿತು.

"ಅವರಪ್ಪ ಸುಮ್ನೆ ಒಪ್ತಾನಾ? ಸೀಸನ್ ಮುಗಿಯೋವರೆಗೂ ಕೋಳಿ ಕೂಗೋ ಹೊತ್ತಿಗೆ ಬಂದು ನೀನೇ ಬಾಕ್ಸು ಕಟ್ಟು ಅಂದ. ವ್ಯಾಪಾರ ಕುದುರೋ ಮೊದಲೇ ಇವನು ಕಟ್ಟೋಕೆ ಶುರು ಮಾಡೇಬಿಟ್ಟ. ಆಮೇಲೆ ನನ್ನ ಬಸ್ಸಲ್ಲೇ ನಿದ್ದೆ ಮಾಡ್ಕೊಂಡು ಕಾಲೇಜಿಗೆ ಬರ್ತಾನೆ."

"ಮತ್ತೆ... ಯಾಕೆ ಹೇಳಲಿಲ್ಲ?"

"ಬಸ್ಸು ಹೊರಡೋವರೆಗೂ ಬಾಯಿ ಬಿಡಬೇಡ ಅಂದಿದ್ದು ನಾನೇ. ಕಾಲೇಜು ಹುಡುಗರಿಗೆ ಬಗ್ಗಿ ಟ್ರಿಪ್ ಬಿಟ್ಟ ಅಂತ ಬೇರೆ ಬಸ್ಸಿನೋರು ನಗಲ್ವೇನಮ್ಮಾ?"

ಈ ಗುಟ್ಟನ್ನು ಅವನು ಬೀದಿಯ ಕೊನೆಯ ಎಳನೀರು ಗಾಡಿಯವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

ಬಸ್ಸು ಹೊರಟಿತು. ಕಿಟಕಿಯಿಂದ ರುಕ್ಸಾರ್ ಕೈ ಬೀಸಿದಳು. "ನಾಳೆ ಹೋಗ್ತೀಯಲ್ವಾ ಮಂಡಿಗೆ? ಹೋಗು ಕಣೇ, ಮೌನೀ!"

* * *

ಮರುದಿನ ಬೆಳಿಗ್ಗೆ ಶ್ರೀನಿವಾಸಪುರದ ಮಂಡಿಯಲ್ಲಿ ವ್ಯಾಪಾರ ಕಾವೇರಿತ್ತು. ಮಾವಿನ ಘಮ, ಹುಲ್ಲು, ತೆಲುಗು ಕನ್ನಡ ಉರ್ದು ಎಲ್ಲ ಕಲಸಿದ ಗದ್ದಲ. ಅದರ ನಡುವೆ ಆಂಜಿ ಬಾಕ್ಸಿಗೆ ಹಗ್ಗ ಬಿಗಿಯುತ್ತಿದ್ದ. ಎದುರಿಗೆ ಯಾರೋ ನಿಂತಂತಾಗಿ ತಲೆ ಎತ್ತಿದ.

"ಪ್ರೆಸಿಡೆಂಟ್ರೇ... ಇಲ್ಲಿ?"

"ನಿಮ್ಮ ಮೇಲೆ ಅನುಮಾನ ಪಟ್ಟಿದ್ದು ನನ್ನ ತಪ್ಪು!" ಎಂದಳು ಮೌನಿಕಾ ಜೋರಾಗಿ. "ಎಲ್ಲರ ಎದುರಿಗೆ ಅಂದಿದ್ದೆ. ಅದಕ್ಕೆ ಎಲ್ಲರ ಎದುರಿಗೇ ಕ್ಷಮೆ ಕೇಳ್ತಿದ್ದೀನಿ."

ಅಕ್ಕಪಕ್ಕದ ಟವೆಲ್‌ಗಳೂ ಅಲುಗಾಡುವುದನ್ನು ನಿಲ್ಲಿಸಿದವು.

"ಎವರುರಾ ಆಂಜೀ ಈ ಅಮ್ಮಾಯಿ?" ಈ ಹುಡುಗಿ ಯಾರೆಂದು ತೆಲುಗಿನಲ್ಲಿ ಕೇಳಿದರು ಒಬ್ಬ ಹಿರಿಯರು.

"ಮೆಲ್ಲಗೆ ಮಾತಾಡ್ರೀ..." ಆಂಜಿಯ ಮುಖ ಕೆಂಪಾಗಿತ್ತು.

"ಮೆಲ್ಲಗೆ ಮಾತಾಡೋದು ನಂಗೆ ಬರಲ್ಲ. ಅಷ್ಟೇ ಅಲ್ಲ, ಅರ್ಧ ತಪ್ಪು ನಿಮ್ಮದೂ ಇದೆ. ಸಂಘದ ಪರವಾಗಿ ಹೋದ ಮೇಲೆ ಸಂಘಕ್ಕೆ ಹೇಳಿ ಹೋಗಬೇಕಿತ್ತು."

"ಹೌದು," ಎಂದ ಅವನು. "ಹೇಳಿ ಹೋಗಬೇಕಿತ್ತು." ಹಗ್ಗ ಕೆಳಗಿಟ್ಟ. "ಆದ್ರೆ ಒಂದು ಮಾತು. ಟವೆಲ್ ಮೋಸಕ್ಕೇ ಅಂತ ಅಂದ್ಕೊಂಡಿದ್ದೀರಿ ನೀವು. ಒಬ್ಬ ಪಟ್ಟು ಬಿಟ್ಟು ಕೆಳಗಿಳಿದು ಬಂದಾಗ ಅವನ ಮಾನ ಮುಚ್ಚೋದೂ ಅದೇ ಟವೆಲ್ಲು. ಆವತ್ತು ಅಮರನಾಥ್ ಅವರು ಇಳಿದು ಬಂದಿದ್ರು."

"ಸರಿ. ಹೊರಗೆ ನಿಂತೋರ ಮಾನ?" ಅವಳ ಕಣ್ಣು ತುಂಬಿತು. "ನಮ್ಮಪ್ಪ ಮೊದಲಿಂದಲೂ ಹೊರಗೇ ನಿಂತಿದಾರೆ ಆಂಜಿ."

ಆಂಜಿ ಅಕ್ಕಪಕ್ಕದ ಟವೆಲ್‌ಗಳ ಕಡೆ, ಅವುಗಳ ಪಕ್ಕ ಕಾಯುತ್ತಿದ್ದ ರೈತರ ಕಡೆ ನೋಡಿದ.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ," ಎಂದ ಕೊನೆಗೆ. "ಅದು ಸರಿಯಿಲ್ಲ."

ಎಲ್ಲ ಗೊತ್ತಿದೆ ಎನ್ನುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಉತ್ತರ ಇಲ್ಲ ಎಂದು ಒಪ್ಪಿಕೊಂಡವನನ್ನು ನೋಡಿದ್ದು ಇದೇ ಮೊದಲು.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?" ಎಂದಳು. ಈ ಸಲ ಧ್ವನಿ ಇಳಿದಿತ್ತು.

"...ಒಂದಿದೆ."

"ಹೇಳಿ."

"ಇಲ್ಲೇನಾ? ಅಪ್ಪ ಇದಾರೆ, ವ್ಯಾಪಾರದೋರು ಇದಾರೆ..."

"ಇಲ್ಲೇ. ಬಯಲಲ್ಲಿ."

ಆಂಜಿ ಸುತ್ತ ನೋಡಿದ. ಆಮೇಲೆ, ಸಭೆಯಲ್ಲಿ ಎತ್ತುವಂತೆಯೇ, ಬಲಗೈ ಮೇಲೆತ್ತಿದ.

"ನಂಗೆ ನೀವಂದ್ರೆ ಇಷ್ಟ! ಟವೆಲ್ ಬೇಡ ಅಂದ್ರಲ್ಲ... ಆವತ್ತಿಂದ!"

ಯಾರ ಕೈಯಿಂದಲೋ ಮಾವಿನಹಣ್ಣುಗಳು ಉರುಳಿದವು. ಆಂಜಿಯ ಅಪ್ಪ, ಲೆಕ್ಕ ತಪ್ಪಿದವರಂತೆ, ಗೋಡೆಯ ಕಡೆ ನೋಡುತ್ತ ನಿಂತರು.

ಮೌನಿಕಾ ಮುಂದೆ ಬಂದಳು. ಅವನ ಹೆಗಲ ಮೇಲಿದ್ದ ಕೆಂಪು ಗೆರೆಯ ಟವೆಲ್ ಎಳೆದುಕೊಂಡಳು. ಮೇಲೆದ್ದಿದ್ದ ಅವನ ಕೈಯನ್ನು ಇಳಿಸಿ ತನ್ನ ಕೈಯಲ್ಲಿ ಹಿಡಿದು, ಮೇಲೆ ಟವೆಲ್ ಹೊದಿಸಿದಳು.

ಒಳಗೆ, ಮೆಲ್ಲಗೆ ಅಂಗೈಗೆ ಅಂಗೈ ಒತ್ತಿದಳು.

"ಮೌನೀ..." ಅವನು ಟವೆಲ್ ಕಡೆ ನೋಡಿದ. "ಇದು... ನಿಜವಾಗ್ಲೂ?"

"ಕಲಿಸಿಕೊಟ್ಟೋರು ನೀವೇ. ಮರೆತುಹೋಯ್ತಾ?"

"ಎಲ್ಲರಿಗೂ ಹೇಳಬಹುದಾ?"

"ಹೇಳೋ ಹಾಗಿಲ್ಲ." ಅವಳು ನಕ್ಕಳು, ಅಳುತ್ತಲೇ. "ಮೊದಲು ನಮ್ಮಪ್ಪನಿಗೆ ಹೇಳಬೇಕು. ಈ ಸಲ ಅವರನ್ನ ಹೊರಗೆ ನಿಲ್ಲಿಸೋ ಹಾಗಿಲ್ಲ."

"ಬೈರಕೂರಿಗೆ ನಾನೇ ಬರ್ತೀನಿ. ಟವೆಲ್ ಇಲ್ಲದೆ."

"ಬೆವರು ಯಾವುದ್ರಲ್ಲಿ ಒರೆಸ್ಕೋತೀರಿ?"

"ನಿಮ್ಮ ವೇಲ್ ಇದೆಯಲ್ಲ."

ಟವೆಲ್ ಕೆಳಗಿನ ಕೈಗಳು ಇನ್ನೂ ಒಂದನ್ನೊಂದು ಬಿಟ್ಟಿರಲಿಲ್ಲ. ಸುತ್ತ ನಿಂತ ವ್ಯಾಪಾರಿಗಳು ಕತ್ತು ಉದ್ದ ಮಾಡಿ ನೋಡಿದರು. ಅಷ್ಟು ಹೊತ್ತು ನಡೆದ ವ್ಯಾಪಾರವನ್ನು ಅವರು ಹಿಂದೆ ಕಂಡಿರಲಿಲ್ಲ.

ಮುಂದಿನ ಸಭೆಯಲ್ಲಿ ಆಂಜಿಯನ್ನು ಮತ್ತೆ ಕಾರ್ಯದರ್ಶಿಯಾಗಿ ಆರಿಸಲಾಯಿತು. ಅಧ್ಯಕ್ಷೆಯ ಕೈಯೂ ಮೇಲಿತ್ತು. ವಾರ್ಷಿಕೋತ್ಸವಕ್ಕೆ ಶ್ಯಾಮಲಮ್ಮನವರು ಬಂದರು. ಕುರ್ಚಿಗೆ ಟವೆಲ್ ಹಾಕಿರಲಿಲ್ಲ.